ಜಗಲಿ ಕಳೆದುಕೊಂಡ ಹಾಲ್

ಹಬ್ಬಕ್ಕೆ ಮುಂಚೆ ದಿನವಿಡೀ ತಿಕ್ಕಿ ತೊಳೆದ ಹಾಲ್, ಹಬ್ಬದ ಹೂವು ಬಾಡುವ ಮೊದಲೇ ಹಳೇ ಅವತಾರಕ್ಕೆ ಮರಳಿರುತ್ತದೆ. ತಪ್ಪು ಪೊರಕೆಯದಲ್ಲ.

ಕಳೆದ ವರ್ಷ ಪಿತೃಪಕ್ಷ ಮುಗಿಯುತ್ತಿದ್ದ ವಾರ ಊರಿನಿಂದ ಅಮ್ಮ ಬಂದಿದ್ದರು. ರಾತ್ರಿಯಿಡೀ ತೀರ್ಥಹಳ್ಳಿ ಬಸ್ಸಿನಲ್ಲಿ ಕೂತು ಬಂದವರು, ಕಾಫಿ ಕುಡಿದು ಲೋಟ ಇಡಲು ಜಾಗ ಹುಡುಕಿದರು. ಟೀಪಾಯಿ ಮೇಲೆ ಮೂರು ದಿನದ ಪೇಪರು, ಮಗನ ಜಾಮೆಟ್ರಿ ಬಾಕ್ಸು, ಕರೆಂಟ್ ಬಿಲ್ಲು, ಕೊರಿಯರಿನಲ್ಲಿ ಬಂದ ರಟ್ಟಿನ ಡಬ್ಬ, ಬಾಯಿ ತೆರೆದ ಬಿಸ್ಕತ್ತಿನ ಪೊಟ್ಟಣ. ಸೋಫಾದ ಒಂದು ತುದಿಯಲ್ಲಿ ಒಗೆದ ಬಟ್ಟೆಯ ಗುಡ್ಡೆ. ಬಾಗಿಲ ಪಕ್ಕ ಎರಡು ಹೆಲ್ಮೆಟ್ಟು, ಅವುಗಳ ಕೆಳಗೆ ಐದು ಕೆಜಿ ಈರುಳ್ಳಿ ಚೀಲ. ಅಮ್ಮ ಲೋಟವನ್ನು ನೆಲದ ಮೇಲಿಟ್ಟರು. ಒಂದು ಸುತ್ತು ಕಣ್ಣಾಡಿಸಿದರು.

“ಇದೆಂತದೇ ಇದು? ಜಗಲಿ, ಉಗ್ರಾಣ, ಅಟ್ಟ ಎಲ್ಲಾ ಒಂದೇ ಕಡೆ ತಂದು ಇಟ್ಕಂಡಿದೀಯಲ್ಲೇ!”

ಬೈಗುಳ ಅಂದುಕೊಂಡು ಸುಮ್ಮನಾದೆ. ಎರಡು ದಿನ ಬಿಟ್ಟು ಯೋಚಿಸಿದಾಗ ಅದು ಬೈಗುಳವಲ್ಲ, ರೋಗನಿರ್ಣಯ ಅನ್ನಿಸಿತು. ನಾನು ಬೆಳೆದ ಮನೆಯಲ್ಲಿ ಚಪ್ಪಲಿ ಅಂಗಳ ದಾಟುತ್ತಿರಲಿಲ್ಲ. ಅಂಗಳದ ತುದಿಯಲ್ಲಿ ನೀರಿನ ಹಂಡೆ, ಮೇಲೊಂದು ಚೊಂಬು. ಕಾಲು ತೊಳೆಯದೆ ಮೆಟ್ಟಿಲು ಹತ್ತುವಂತಿರಲಿಲ್ಲ. ಬಂದವರು ಕೂರುವುದು, ಕೊಡೆ, ಕತ್ತಿ, ಕಂಬಳಿ ತೂಗುಹಾಕುವುದು ಜಗಲಿಯಲ್ಲಿ. ಅಕ್ಕಿ, ಬೆಲ್ಲ, ಈರುಳ್ಳಿ ಉಗ್ರಾಣಕ್ಕೆ. ವರ್ಷಕ್ಕೊಮ್ಮೆ ಬೇಕಾಗುವ ಪಾತ್ರೆ, ಚಾಪೆ ಅಟ್ಟಕ್ಕೆ. ಒಗೆದ ಬಟ್ಟೆ ಹಿತ್ತಲ ಕಡೆಯ ಗಳದ ಮೇಲೆ. ಇಷ್ಟೆಲ್ಲ ಸೋಸಿದ ಮೇಲೆ ಉಳಿಯುತ್ತಿದ್ದುದು ನಡುಮನೆ. ಅಲ್ಲಿ ಒಂದು ಚಾಪೆ, ಒಂದು ಮಣೆ, ಗೋಡೆಗೆ ನಾಲ್ಕು ಫೋಟೊ. ಅದು ಚೊಕ್ಕಟವಾಗಿ ಇರುತ್ತಿದ್ದುದು ಅಮ್ಮ ದಿನವಿಡೀ ಗುಡಿಸುತ್ತಿದ್ದರು ಅಂತಲ್ಲ. ಕೊಳೆಯಾಗಲು ಅಲ್ಲಿಗೆ ಏನೂ ಬರುತ್ತಿರಲಿಲ್ಲ.

ಉತ್ತರ ಕರ್ನಾಟಕದ ಕಟ್ಟೆ, ಪಡಸಾಲೆಯಾಗಲಿ, ಬಯಲುಸೀಮೆಯ ತೊಟ್ಟಿಮನೆಯಾಗಲಿ ಲೆಕ್ಕಾಚಾರ ಇದೇ. ಹೊರಗಿನದು ಹಂತ ಹಂತವಾಗಿ ನಿಲ್ಲುತ್ತಾ ಒಳಗೆ ಬರಬೇಕು. ಈಗಿನ ಫ್ಲ್ಯಾಟಿನಲ್ಲಿ ಬಾಗಿಲು ತೆರೆದರೆ ನೇರ ಹಾಲ್. ನಮ್ಮದು 14 ಅಡಿ ಉದ್ದ, 10 ಅಡಿ ಅಗಲ. ಅಷ್ಟರಲ್ಲೇ ಜಗಲಿ, ನಡುಮನೆ, ಊಟದ ಮನೆ, ಮಕ್ಕಳ ಓದಿನ ಕೋಣೆ, ಅರ್ಧ ಉಗ್ರಾಣ. ಐದು ಜಾಗದ ಕೆಲಸ ಒಂದರ ಮೇಲೆ ಬಿದ್ದಿದೆ. ಹಾಗಾಗಿ ಹಾಲ್ ಶುಚಿ ಮಾಡುವುದೆಂದರೆ ಎರಡು ಬೇರೆ ಬೇರೆ ಕೆಲಸ: ಸೇರಿಕೊಂಡಿರುವ ಕೊಳೆ ತೆಗೆಯುವುದು ಒಂದು, ಕಳೆದುಹೋದ ಆ ಜಾಗಗಳನ್ನು ಸಣ್ಣದಾಗಿಯಾದರೂ ವಾಪಸ್ ತರುವುದು ಇನ್ನೊಂದು. ನಾವು ಮೊದಲನೆಯದನ್ನು ಮಾತ್ರ ಮಾಡಿ ಸುಸ್ತಾಗುತ್ತೇವೆ.

ಧೂಳಿನ ಜಾತಕ

ಕಿಟಕಿ ಮುಚ್ಚಿ ಊರಿಗೆ ಹೋಗಿ ಬಂದರೂ ಟೀವಿ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಎಲ್ಲಿಂದ ಬಂತು? ಮನೆಯ ಧೂಳೆಲ್ಲ ಮನುಷ್ಯರ ಚರ್ಮದ ಪುಡಿಯೇ ಎಂಬ ಮಾತೊಂದು ಓಡಾಡುತ್ತದೆ. ಅದು ಉತ್ಪ್ರೇಕ್ಷೆ. ಚರ್ಮದ ಸತ್ತ ಕೋಶಗಳು ಅದರಲ್ಲಿ ಇರುವುದು ನಿಜ. ಆದರೆ ದೊಡ್ಡ ಪಾಲು ಬೀದಿಯ ಮಣ್ಣು, ವಾಹನಗಳ ಹೊಗೆಯ ಮಸಿ, ಪಕ್ಕದ ಸೈಟಿನ ಸಿಮೆಂಟು, ಹೂವಿನ ಪರಾಗ, ನಮ್ಮದೇ ಬಟ್ಟೆ, ಪರದೆ, ಹೊದಿಕೆಗಳಿಂದ ಉದುರಿದ ನೂಲಿನ ಎಳೆ. ಅಡುಗೆಮನೆ ಹಾಲ್‌ಗೆ ತೆರೆದಿದ್ದರೆ ಒಗ್ಗರಣೆಯ ಎಣ್ಣೆಯ ಆವಿಯೂ ಸೇರುತ್ತದೆ. ದೇವರ ಮುಂದೆ ಹಚ್ಚಿದ ಊದುಬತ್ತಿಯ ಬೂದಿಯೂ ಉಂಟು.

ಈ ಕಣಗಳ ಗಾತ್ರ ತಿಳಿದರೆ ಗುಡಿಸುವ ಕ್ರಮವೇ ಬದಲಾಗುತ್ತದೆ. ನಮ್ಮ ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 10 ಮೈಕ್ರಾನಿನ ಕಣ ಸೂರಿನಿಂದ ನೆಲಕ್ಕೆ ಇಳಿಯಲು ನಿಶ್ಚಲ ಗಾಳಿಯಲ್ಲಿ ಕಾಲು ಗಂಟೆ ಹಿಡಿಯುತ್ತದೆ. ಒಂದೆರಡು ಮೈಕ್ರಾನಿನದಾದರೆ ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ. ಬೆಳಗಿನ ಬಿಸಿಲಕೋಲಿನಲ್ಲಿ ಕುಣಿಯುವುದು ಇದೇ ಬಳಗ. ಒಣ ಬಟ್ಟೆಯಲ್ಲಿ ಪಟಪಟ ಹೊಡೆದಾಗ ಧೂಳು ಹೋಗುವುದಿಲ್ಲ, ಎದ್ದು ನಿಲ್ಲುತ್ತದೆ ಅಷ್ಟೆ; ನಾವು ನೆಲ ಒರೆಸಿ ಕೈತೊಳೆದ ಮೇಲೆ ನಿಧಾನವಾಗಿ ಇಳಿದು ಕೂರುತ್ತದೆ. ಆದ್ದರಿಂದ ಸೂರು, ಫ್ಯಾನು, ಪರದೆಯ ಕೆಲಸ ಮುಗಿದ ಮೇಲೆ ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಕೈಕಟ್ಟಿ ಕೂತು ಬಿಡಿ. ಎರಡನೇ ಕಾಫಿಗೆ ಇದು ವಿಜ್ಞಾನವೇ ಕೊಟ್ಟ ಅನುಮತಿ. ಆಮೇಲಷ್ಟೇ ಟೇಬಲ್ಲು, ಸೋಫಾ, ಕಡೆಗೆ ನೆಲ.

ಮೊದಲು ಖಾಲಿ, ಆಮೇಲೆ ನೀರು

ಬಕೆಟ್ಟು ಹಿಡಿಯುವ ಮೊದಲು ಹಾಲ್ ಹಗುರವಾಗಬೇಕು. ಸಾಮಾನಿನ ಸುತ್ತ ಒರೆಸುವುದು ಒರೆಸಿದಂತಲ್ಲ. ಪೀಣ್ಯದಲ್ಲೋ ಬಿಡದಿಯಲ್ಲೋ ಕಾರ್ಖಾನೆಗೆ ಹೋಗುವವರು ಮನೆಯಲ್ಲಿದ್ದರೆ ಅವರಿಗೆ ‘ಫೈವ್ ಎಸ್’ ಗೊತ್ತಿರುತ್ತದೆ. ಜಪಾನಿನ ಕಾರ್ಖಾನೆಗಳಿಂದ ಬಂದ ಐದು ಪದಗಳ ಪಾಠ ಅದು: ಸೆಯಿರಿ, ಸೆಯಿಟನ್, ಸೆಯಿಸೊ, ಸೆಯಿಕೆಟ್ಸು, ಶಿಟ್ಸುಕೆ. ಬೇಡದ್ದನ್ನು ಬೇರ್ಪಡಿಸು, ಬೇಕಾದ್ದಕ್ಕೆ ಜಾಗ ಮಾಡು, ಶುಚಿಗೊಳಿಸು, ಅದನ್ನೇ ಪದ್ಧತಿ ಮಾಡು, ಪದ್ಧತಿಗೆ ಅಂಟಿಕೊ. ಗಮನಿಸಿ, ತೊಳೆಯುವುದು ಮೂರನೆಯದು. ನಾವು ಅದನ್ನೇ ಮೊದಲನೆಯದೂ ಕೊನೆಯದೂ ಮಾಡಿಕೊಂಡಿದ್ದೇವೆ. ಕೆಲಸದ ಜಾಗದಲ್ಲಿ ಸ್ಪ್ಯಾನರಿಗೂ ಗೋಡೆ ಮೇಲೆ ಗುರುತು ಬರೆದಿಡುವ ನಮ್ಮ ಯಜಮಾನರು ಮನೆಯಲ್ಲಿ ಬೈಕಿನ ಕೀಲಿಗಾಗಿ ದಿನಾ ಬೆಳಿಗ್ಗೆ ಸೋಫಾದಡಿ ಬಗ್ಗಿ ನೋಡುತ್ತಿದ್ದರು!

ಅದೇ ಕಾರ್ಖಾನೆಗಳಲ್ಲಿ ಇನ್ನೊಂದು ರೂಢಿಯಿದೆ. ಬೇಕೋ ಬೇಡವೋ ಅನುಮಾನ ಇರುವ ವಸ್ತುವಿಗೆ ಕೆಂಪು ಚೀಟಿ ಕಟ್ಟಿ, ದಿನಾಂಕ ಬರೆದು, ಒಂದು ಮೂಲೆಗೆ ಸರಿಸುತ್ತಾರೆ. ಗಡುವು ಮುಗಿಯುವುದರೊಳಗೆ ಯಾರೂ ಕೇಳದಿದ್ದರೆ ಅದು ಹೊರಗೆ. ಮನೆಗೂ ಇದು ಒಗ್ಗುತ್ತದೆ. ಒಂದು ರಟ್ಟಿನ ಡಬ್ಬಕ್ಕೆ ಕೆಟ್ಟ ರಿಮೋಟು, ಒಂಟಿ ಸ್ಪೀಕರು, ಯಾರದೋ ಮದುವೆಯಲ್ಲಿ ಕೊಟ್ಟ ಪ್ಲಾಸ್ಟಿಕ್ ಹೂದಾನಿ ಎಲ್ಲ ತುಂಬಿ, ಮೇಲೆ ‘ದಸರಾ’ ಎಂದು ಬರೆದಿಡಿ. ಯುಗಾದಿವರೆಗೂ ಡಬ್ಬ ತೆರೆಯದಿದ್ದರೆ ಒಳಗೇನಿದೆ ಎಂದು ನೋಡಲೂ ಹೋಗದೆ ಕೊಟ್ಟುಬಿಡಿ ಎನ್ನುತ್ತಾರೆ ಕೆಲವರು. ಅಷ್ಟು ವೈರಾಗ್ಯ ನನಗೆ ಬಂದಿಲ್ಲ, ಒಮ್ಮೆ ನೋಡುತ್ತೇನೆ. ಪೇಪರು, ರಟ್ಟು ರದ್ದಿ ಅಂಗಡಿಗೆ. ಸತ್ತ ಚಾರ್ಜರು, ವೈರು, ಬ್ಯಾಟರಿಗಳು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ. ಹಳೇ ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸ ಇರುತ್ತದೆ, ಅವನ್ನು ಒಡೆದು ಒಣಕಸಕ್ಕೆ ಹಾಕಬಾರದು.

ಫ್ಯಾನಿನ ರೆಕ್ಕೆ ಎಂಬ ಒಗಟು

ಸೂರಿನ ಮೂಲೆಗಳ ಜೇಡರ ಬಲೆಯನ್ನು ಉದ್ದ ಕೋಲಿನ ಪೊರಕೆಯಿಂದ ತೆಗೆಯುವುದು ಎಲ್ಲರಿಗೂ ಗೊತ್ತು. ಕೋಲಿನ ತುದಿಗೆ ತುಸು ಒದ್ದೆ ಮಾಡಿ ಹಿಂಡಿದ ಹಳೇ ಬನಿಯನ್ ಸುತ್ತಿಕೊಂಡರೆ ಬಲೆ ಅದಕ್ಕೇ ಸುತ್ತಿಕೊಂಡು ಬರುತ್ತದೆ. ಗೋಡೆಗೆ ಕಪ್ಪು ಗೀರು ಬೀಳುವುದಿಲ್ಲ. ಇನ್ನು ಫ್ಯಾನು.

ಒಮ್ಮೆ ಸ್ಟೂಲು ಹತ್ತಿ ಹತ್ತಿರದಿಂದ ನೋಡಿ. ನಿಮಿಷಕ್ಕೆ ಮುನ್ನೂರು ಸುತ್ತು ಸುತ್ತುವ ವಸ್ತುವಿನ ಮೇಲೆ ಧೂಳು ನಿಲ್ಲುವುದಾದರೂ ಹೇಗೆ? ನಿಲ್ಲುವುದಷ್ಟೇ ಅಲ್ಲ, ಗಾಳಿಯನ್ನು ಸೀಳಿಕೊಂಡು ಮುಂದೆ ಹೋಗುವ ಅಂಚಿನಲ್ಲೇ ಅದು ಹೆಚ್ಚು ದಪ್ಪ, ಉಣ್ಣೆಯ ಅಂಚು ಹೊಲಿದ ಹಾಗೆ. ಕಾರಣ ಇಷ್ಟು. ಯಾವ ಮೇಲ್ಮೈಯ ಮೇಲೆ ಗಾಳಿ ಹರಿದರೂ ಅದಕ್ಕೆ ತೀರಾ ಅಂಟಿಕೊಂಡ ತೆಳು ಪದರ ಮೇಲ್ಮೈಯ ಜತೆಗೇ ಸಾಗುತ್ತದೆ. ಆ ಪದರದೊಳಗೆ ಸಿಕ್ಕ ಸಣ್ಣ ಕಣಕ್ಕೆ ಬಿರುಗಾಳಿಯೇ ತಾಗುವುದಿಲ್ಲ. ಸುತ್ತುವ ರೆಕ್ಕೆ ಗಾಳಿಯ ಧೂಳಿಗೆ ಎದುರಾಗಿ ಬಡಿಯುವುದು ಮುಂದಿನ ಅಂಚಿನಿಂದ, ಹಾಗಾಗಿ ಅಲ್ಲಿ ಬೀಳುವುದೂ ಹೆಚ್ಚು. ತಿಕ್ಕಾಟದಿಂದ ಹುಟ್ಟುವ ಸ್ಥಾಯಿ ವಿದ್ಯುತ್ತು ಸೆಳೆಯುತ್ತದೆ, ಅಡುಗೆಯ ಜಿಡ್ಡು ಅಂಟಿಸುತ್ತದೆ.

ತೆಗೆಯುವ ಉಪಾಯ ಸುಲಭ. ಹಳೇ ದಿಂಬಿನ ಚೀಲವನ್ನು ರೆಕ್ಕೆಗೆ ಉದ್ದಕ್ಕೆ ತೊಡಿಸಿ, ಎರಡೂ ಅಂಗೈಯಿಂದ ಒತ್ತಿ, ನಿಧಾನ ಹಿಂದಕ್ಕೆ ಎಳೆಯಿರಿ. ಧೂಳು ಚೀಲದೊಳಗೇ ಬೀಳುತ್ತದೆ, ನಮ್ಮ ತಲೆ ಮೇಲಲ್ಲ. ಉಳಿದ ಜಿಡ್ಡಿಗೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ ಸಾಕು. ರೆಕ್ಕೆಯನ್ನು ಕೆಳಕ್ಕೆ ಜಗ್ಗಬೇಡಿ. ತುಸು ಬಾಗಿದರೂ ಆಮೇಲೆ ಫ್ಯಾನು ತೂಗಾಡುತ್ತದೆ. ಕೈಹಾಕುವ ಮೊದಲು ಸ್ವಿಚ್ಚಲ್ಲ, ಮೇನ್ ಆಫ್ ಮಾಡಿ. ಸ್ವಿಚ್‌ಬೋರ್ಡಿನ ಸುತ್ತಲ ಬೆರಳಿನ ಕಪ್ಪನ್ನೂ ಅದೇ ಹೊತ್ತಿನಲ್ಲಿ ಒರೆಸಿಬಿಡಿ. ಬಟ್ಟೆಗೆ ದ್ರಾವಣ ಹಾಕಿ ಒರೆಸಬೇಕು, ಬೋರ್ಡಿಗೆ ನೇರ ಸ್ಪ್ರೇ ಮಾಡಬಾರದು. ಟೀವಿಯ ವಿಷಯದಲ್ಲೂ ಇದೇ ಮಾತು. ಗಾಜು ಒರೆಸುವ ದ್ರವಗಳಲ್ಲಿನ ಅಮೋನಿಯಾ, ಆಲ್ಕೋಹಾಲ್‌ಗಳು ಪರದೆಯ ಮೇಲಿನ ತೆಳು ಲೇಪವನ್ನು ಕೆಡಿಸಬಲ್ಲವು. ಆರಿಸಿ, ತಣ್ಣಗಾದ ಮೇಲೆ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಶೋಕೇಸಿನ ಮುಂದೆ ಒಂದು ಗಂಟೆ

ನನ್ನ ಮಟ್ಟಿಗೆ ಹಾಲ್‌ನ ಅತಿ ನಿಧಾನದ ಕೆಲಸ ಶೋಕೇಸು. ಎಲ್ಲಕ್ಕೂ ಒಂದೇ ಬಟ್ಟೆ, ಒಂದೇ ನೀರು ಎನ್ನುವಂತಿಲ್ಲ. ಚನ್ನಪಟ್ಟಣದ ಬೊಂಬೆಗಳ ಬಣ್ಣ ಪೇಂಟಲ್ಲ. ಅದು ಅರಗು. ಆಲೆ ಮರದ ತುಂಡು ಕಡಸಲು ಯಂತ್ರದಲ್ಲಿ ಗಿರಗಿರ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಬಿಸಿಗೆ ಕರಗಿ ಕೂತದ್ದು ಬಿಸಿಗೇ ಮೆತ್ತಗಾಗುತ್ತದೆ, ಆಲ್ಕೋಹಾಲಿನಲ್ಲಿ ಕರಗಿಯೂ ಹೋಗುತ್ತದೆ. ಕೊರೊನಾ ಕಾಲದಲ್ಲಿ ಕಂಡದ್ದಕ್ಕೆಲ್ಲ ಸ್ಯಾನಿಟೈಸರ್ ಹೊಡೆಯುತ್ತಿದ್ದ ದಿನಗಳಲ್ಲಿ ನಾನು ಒಂದು ಜೋಡಿ ಗೊಂಬೆಯ ಮುಖವನ್ನೇ ಅಳಿಸಿದ್ದೇನೆ. ಅವಕ್ಕೆ ಒಣ ಮೆದುಬಟ್ಟೆ, ನೆರಳು, ಇಷ್ಟೇ ಉಪಚಾರ.

ಹಿತ್ತಾಳೆಯ ದೀಪಕ್ಕೆ ಹುಣಸೆಹಣ್ಣು ಸರಿ, ಅದರ ಹುಳಿ ಮೇಲಿನ ಕಿಲುಬನ್ನು ಕರಗಿಸುತ್ತದೆ. ತೊಳೆದ ಕೂಡಲೇ ಒಣಗಿಸಿ ಒರೆಸದಿದ್ದರೆ ಮರುದಿನವೇ ಕಲೆ. ಆದರೆ ಅದೇ ಹುಣಸೆಯನ್ನು ಪಕ್ಕದ ಬಿದರಿ ಹೂಜಿಗೆ ತಾಗಿಸಿದಿರೋ, ಕುಶಲಕರ್ಮಿಯ ಶ್ರಮ ತೊಳೆದು ಹೋಯಿತು. ಬಿದರಿಯ ಕಪ್ಪು ಕೊಳೆಯಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದಿ ತಂದ ಬಣ್ಣ ಅದು. ಹತ್ತಿಯಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ತೆಗೆದುಕೊಂಡು ಸವರಿ, ಒಣ ಬಟ್ಟೆಯಲ್ಲಿ ಒರೆಸಿ. ಕಪ್ಪು ಇನ್ನಷ್ಟು ಕಪ್ಪಾಗುತ್ತದೆ, ಬೆಳ್ಳಿ ಎದ್ದು ಕಾಣುತ್ತದೆ.

ಗಂಧದ ಹಾರ ಹಾಕಿದ ಹಿರಿಯರ ಫೋಟೊಗಳನ್ನು ಗೋಡೆಯಿಂದ ಇಳಿಸಿಯೇ ಒರೆಸಬೇಕು. ಹಿಂಬದಿಯಲ್ಲಿ ಹಲ್ಲಿ, ಜಿರಲೆ ಸಂಸಾರ ಹೂಡಿರುತ್ತವೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಬೂಷ್ಟೂ ಕಾಣಬಹುದು. ಗಾಜಿನ ಮೇಲೆ ನೀರು ಚಿಮುಕಿಸಿದರೆ ಚೌಕಟ್ಟಿನ ಸಂದಿಯಿಂದ ಇಳಿದು ಫೋಟೊಗೇ ಕಲೆ. ಬಟ್ಟೆ ಒದ್ದೆಯಾಗಿರಲಿ, ಗಾಜಲ್ಲ.

ಸೋಫಾದ ಹೊಟ್ಟೆಯೊಳಗೆ

1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು ಒಂದು ಹೋಟೆಲಿನ ಕುರ್ಚಿಯ ಮೆತ್ತೆ ಮೇಲೆ ಕರವಸ್ತ್ರ ಹಾಸಿ, ಅದರ ಮೇಲೆ ಬಾಯಿಟ್ಟು ಜೋರಾಗಿ ಉಸಿರೆಳೆದರಂತೆ. ಕರವಸ್ತ್ರದ ಕೆಳಬದಿ ಕಪ್ಪಾಗಿತ್ತು. ಧೂಳನ್ನು ಊದಿ ಹಾರಿಸುವ ಯಂತ್ರಗಳಿದ್ದ ಕಾಲದಲ್ಲಿ ಹೀರಿಕೊಳ್ಳುವ ಯಂತ್ರ ಬೇಕೆಂದು ಅವರಿಗೆ ಖಾತ್ರಿಯಾದದ್ದು ಹೀಗೆ. ಅವರು ಮಾಡಿದ ವ್ಯಾಕ್ಯೂಮ್ ಕ್ಲೀನರು ಎಷ್ಟು ದೊಡ್ಡದಿತ್ತೆಂದರೆ ಕುದುರೆಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಕೊಳವೆಗಳನ್ನು ಕಿಟಕಿಯಿಂದ ಒಳಗೆ ಬಿಡಬೇಕಿತ್ತು. ಬಾಯಿಟ್ಟು ಎಳೆಯುವುದು ಬೇಡ. ಆದರೆ ನಿಮ್ಮ ಸೋಫಾದ ಮೇಲೆ ಒದ್ದೆ ಬಿಳಿ ಬಟ್ಟೆ ಹಾಸಿ ಕೋಲಿನಿಂದ ನಾಲ್ಕು ಏಟು ಕೊಟ್ಟು ನೋಡಿ. ಬೂತ್‌ಗೆ ಕಂಡದ್ದೇ ಕಾಣುತ್ತದೆ.

ಮೆತ್ತೆಯೊಳಗಿನ ಧೂಳಿನಲ್ಲಿ ಬಾಡಿಗೆದಾರರೂ ಇದ್ದಾರೆ. ಮಿಲಿಮೀಟರಿನ ಕಾಲು ಭಾಗದಷ್ಟಿರುವ ಧೂಳುನುಸಿಗಳು. ನಮ್ಮನ್ನು ಕಚ್ಚುವುದಿಲ್ಲ, ಉದುರಿದ ಚರ್ಮದ ಪುಡಿ ತಿಂದು ಬದುಕುತ್ತವೆ. ತೊಂದರೆ ಇರುವುದು ಅವುಗಳ ಹಿಕ್ಕೆಯಲ್ಲಿ. 1960ರ ದಶಕದಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದ ವೈದ್ಯ ಫೋರ್‌ಹಾರ್ಸ್ಟ್ ಮತ್ತು ಸಂಗಡಿಗರು ಮನೆಯ ಧೂಳಿನ ಅಲರ್ಜಿಯ ಹಿಂದಿರುವುದು ಈ ನುಸಿಯೇ ಎಂದು ತೋರಿಸಿಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗು ಸೋರುವುದು, ಕೆಲವರಿಗೆ ಉಬ್ಬಸ.

ನುಸಿಗೆ ನೀರು ಕುಡಿಯಲು ಬರುವುದಿಲ್ಲ. ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ತೇವಾಂಶ ಶೇ 50ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ಒಣಗಿ ಸಾಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಅದಕ್ಕೆ ಸುಗ್ಗಿ ಯಾಕೆಂದು ಇದರಿಂದಲೇ ತಿಳಿಯುತ್ತದೆ. ಮಳೆ ನಿಂತು ಮೊದಲ ಬಿಸಿಲು ಬಿದ್ದಾಗ ಹಾಸಿಗೆ, ದಿಂಬು, ಕಂಬಳಿ ಎಲ್ಲ ಅಂಗಳಕ್ಕೆ ತರುತ್ತಿದ್ದುದು, ಉತ್ತರ ಕರ್ನಾಟಕದಲ್ಲಿ ಘಟ ಕೂರಿಸುವ ಮುನ್ನ ಮನೆಯ ಬಟ್ಟೆಬರೆಯನ್ನೆಲ್ಲ ಒಗೆಯುವುದು ಬರೀ ಮಡಿಯ ಮಾತಲ್ಲ. ಸೋಫಾದ ಮೆತ್ತೆಗಳನ್ನು ಬಾಲ್ಕನಿಯ ಬಿಸಿಲಿಗೆ ಮೂರ್ನಾಲ್ಕು ಗಂಟೆ ಹಾಕಿ, ಮಧ್ಯೆ ಒಮ್ಮೆ ಮಗುಚಿ. ಬಿಸಿಲು ನುಸಿಯನ್ನು ಒಣಗಿಸುತ್ತದೆ, ಆದರೆ ಅದರ ಹಿಕ್ಕೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಆಮೇಲೆ ಚೆನ್ನಾಗಿ ಬಡಿಯಬೇಕು ಅಥವಾ ವ್ಯಾಕ್ಯೂಮ್ ಹಿಡಿಯಬೇಕು. ಬಡಿಯುವುದು ಬಾಲ್ಕನಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೆಳಗಿನ ಮನೆಯವರ ಸಂಡಿಗೆ ಒಣಗುತ್ತಿಲ್ಲ ಎಂದು ನೋಡಿಕೊಂಡು! ತೆಗೆಯಬಹುದಾದ ಕವರುಗಳನ್ನು, ಬಟ್ಟೆ ತಡೆಯುವುದಾದರೆ, 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿಯೂ ಸಾಯುತ್ತದೆ, ಹಿಕ್ಕೆಯೂ ತೊಳೆದುಹೋಗುತ್ತದೆ.

ತೆಗೆಯಲು ಬಾರದ ಬಟ್ಟೆಯ ಸೋಫಾಗಳ ಅಡಿಯಲ್ಲಿ ಒಂದು ಚೀಟಿ ಹೊಲಿದಿರುವುದುಂಟು. ಅದರಲ್ಲಿ ‘ಡಬ್ಲ್ಯೂ’ ಅಕ್ಷರವಿದ್ದರೆ ನೀರಿನ ಸೋಪು ನಡೆಯುತ್ತದೆ, ‘ಎಸ್’ ಇದ್ದರೆ ನೀರು ತಾಗಿಸದೆ ಡ್ರೈ ಕ್ಲೀನ್ ದ್ರಾವಣ ಮಾತ್ರ, ಎರಡೂ ಇದ್ದರೆ ಎರಡೂ ಸರಿ, ‘ಎಕ್ಸ್’ ಇದ್ದರೆ ವ್ಯಾಕ್ಯೂಮ್ ಬಿಟ್ಟು ಇನ್ನೇನೂ ಕೂಡದು. ಮನೆಗೆ ಬಂದು ಸೋಫಾ ತೊಳೆದುಕೊಡುವವರಿಗೆ ದುಡ್ಡು ಕೊಡುವ ಮೊದಲು ಈ ಚೀಟಿ ತೋರಿಸಿ. ತೊಳೆದ ಮೇಲೆ ಫ್ಯಾನು ಹಾಕಿ ಪೂರ್ತಿ ಒಣಗಿಸದಿದ್ದರೆ ಒಳಗಿನ ಸ್ಪಂಜು ವಾರದಲ್ಲೇ ಮುಗ್ಗಲು ವಾಸನೆ ಹೊಡೆಯುತ್ತದೆ.

ನೆಲದ ಜಾತಿ ನೋಡಿ ನೀರು

ಫಿನಾಯಿಲ್ ಹೆಚ್ಚಾದಷ್ಟೂ ನೆಲ ಚೊಕ್ಕಟ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ನಿಜದಲ್ಲಿ ಹೆಚ್ಚಾದ ಸೋಪು, ಫಿನಾಯಿಲು ನೆಲದ ಮೇಲೆ ತೆಳು ಅಂಟಾಗಿ ಉಳಿದು ಮುಂದಿನ ಧೂಳನ್ನು ಹಿಡಿದುಕೊಳ್ಳುತ್ತದೆ. ಒರೆಸಿದ ಸಂಜೆಗೇ ಪಾದದ ಗುರುತು ಕಾಣುವುದು ಇದಕ್ಕೇ. ಡಬ್ಬಿಯ ಮೇಲೆ ಹೇಳಿದಷ್ಟೇ ಹಾಕಿ, ಇನ್ನೊಂದು ಬಕೆಟ್ಟಿನಲ್ಲಿ ಬರೀ ನೀರಿಟ್ಟುಕೊಂಡು ಮತ್ತೊಮ್ಮೆ ಒರೆಸಿ. ನೀರು ಬೂದಿಬಣ್ಣಕ್ಕೆ ತಿರುಗಿದ ಕೂಡಲೇ ಬದಲಿಸಿ. ಇಲ್ಲದಿದ್ದರೆ ಒಂದು ಮೂಲೆಯ ಕೊಳೆಯನ್ನು ಹಾಲ್‌ಗೆಲ್ಲ ಹಂಚಿದಂತೆ.

ವಿಟ್ರಿಫೈಡ್ ಟೈಲ್ ಹೀರುವ ನೀರು ಅದರ ತೂಕದ ಶೇ 0.5ಕ್ಕಿಂತ ಕಡಿಮೆ, ಆದ್ದರಿಂದ ಟೈಲ್ ಸುಲಭ. ಕೊಳೆ ಕೂರುವುದು ಸಂದಿನ ಬಿಳಿ ಗೆರೆಯಲ್ಲಿ. ಹಳೇ ಟೂತ್‌ಬ್ರಶ್ಶು, ಅಡುಗೆ ಸೋಡದ ಮುದ್ದೆ ಅದಕ್ಕೆ ಸಾಕು. ಮಾರ್ಬಲ್ ಮತ್ತು ಶಹಾಬಾದ್ ಕಲ್ಲಿನ ಕಥೆ ಬೇರೆ. ಎರಡೂ ಮೂಲತಃ ಸುಣ್ಣದ ಕಲ್ಲು. ನಿಂಬೆರಸ, ವಿನೆಗರ್, ಬಚ್ಚಲಿಗೆ ಹಾಕುವ ಆ್ಯಸಿಡ್ ಯಾವುದು ಬಿದ್ದರೂ ನೊರೆಯೆದ್ದು ಕಲ್ಲೇ ಕರಗುತ್ತದೆ. ಹೊಳಪು ಹೋದ ಜಾಗಕ್ಕೆ ಮತ್ತೆ ಪಾಲಿಶ್ ಯಂತ್ರವೇ ಬರಬೇಕು. ಹಳೇ ಮನೆಗಳ ಕೆಂಪು ರೆಡಾಕ್ಸೈಡ್ ನೆಲವೂ ಸಿಮೆಂಟಿನದಾದ್ದರಿಂದ ಆ್ಯಸಿಡ್ ಅದಕ್ಕೆ ವಿಷ. ಅದರ ಹೊಳಪು ಅಂಗಡಿಯಲ್ಲಿ ಸಿಗುವುದಲ್ಲ, ಹತ್ತಾರು ವರ್ಷ ಬರಿಗಾಲು ಓಡಾಡಿದ್ದರ ಹೊಳಪು. ಬರೀ ನೀರಲ್ಲಿ ಒರೆಸಿ, ಒಣಗಿದ ಮೇಲೆ ಎಂದಾದರೊಮ್ಮೆ ಬಟ್ಟೆಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಸಾಕು. ಹನಿ ಹೆಚ್ಚಾದರೆ ಅಜ್ಜಿ ಜಾರಿ ಬೀಳುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಬ್ಲೀಚಿನ ಜತೆ ಆ್ಯಸಿಡನ್ನೋ ವಿನೆಗರನ್ನೋ ಎಂದೂ ಬೆರೆಸಬಾರದು. ಹುಟ್ಟುವುದು ಕ್ಲೋರಿನ್ ಎಂಬ ವಿಷಾನಿಲ. ಅಮೋನಿಯಾ ಇರುವ ದ್ರವದ ಜತೆಗೂ ಬ್ಲೀಚ್ ಸಲ್ಲದು. ‘ಎರಡೂ ಒಳ್ಳೇದೇ, ಸೇರಿಸಿದರೆ ಇನ್ನೂ ಒಳ್ಳೇದು’ ಎಂಬ ಲೆಕ್ಕ ಸಾರಿಗೆ ಸರಿ, ನೆಲಕ್ಕಲ್ಲ.

ಜಗಲಿಯನ್ನು ವಾಪಸ್ ತರುವುದು

ಇಷ್ಟೆಲ್ಲ ಮಾಡಿದ್ದು ‘ಫೈವ್ ಎಸ್’ನ ಮೊದಲನೆಯದು ಮತ್ತು ಮೂರನೆಯದು: ಬೇರ್ಪಡಿಸುವುದು, ತೊಳೆಯುವುದು. ಅಮ್ಮ ಊರಿಗೆ ಹೊರಡುವ ಮುನ್ನ ನಮ್ಮ ಹಾಲ್‌ನಲ್ಲಿ ಮಾಡಿಸಿದ್ದು ಎರಡನೆಯದು, ಬೇಕಾದ್ದಕ್ಕೆ ಜಾಗ ಮಾಡುವುದು; ಅದೂ ಒಂದು ಪೈಸೆಯ ಪೀಠೋಪಕರಣವನ್ನೂ ಕೊಳ್ಳದೆ. ಮೊದಲು ಬಾಗಿಲು. ಹೊರಗೊಂದು ಒರಟು ಕಾಲೊರಸು, ಒಳಗೊಂದು ಮೆತ್ತನೆಯದು; ಚಪ್ಪಲಿ ಹೊಸ್ತಿಲ ಆಚೆಗೇ. ಹೊರಗಿನ ಮಣ್ಣು ಬಾಗಿಲಲ್ಲೇ ನಿಂತರೆ ಗುಡಿಸುವ ಕೆಲಸ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಬಾಗಿಲ ಪಕ್ಕದ ಗೋಡೆಗೆ ಐದು ಮೊಳೆ: ಎರಡು ಹೆಲ್ಮೆಟ್ಟಿಗೆ, ಒಂದು ಕೊಡೆಗೆ, ಒಂದು ಚೀಲಕ್ಕೆ, ಒಂದು ಕೀಲಿಗೆ. ಅದು ಜಗಲಿ ಆಯಿತು.

ಹಳೇ ಬಿದಿರಿನ ಬುಟ್ಟಿಯೊಂದು ಟೀಪಾಯಿ ಕೆಳಗೆ ಬಂತು. ಪೇಪರು, ಬಿಲ್ಲು, ಕಾಗದಗಳೆಲ್ಲ ಅದಕ್ಕೆ, ಬುಟ್ಟಿ ತುಂಬಿದ ದಿನ ವಿಲೇವಾರಿ. ಹಳೇ ಮನೆಗಳ ಪಡಸಾಲೆಯಲ್ಲಿರುತ್ತಿದ್ದ ಕಾಗದದ ಪೆಟ್ಟಿಗೆಯ ಹಾಗೆ. ಈರುಳ್ಳಿ ಅಡುಗೆಮನೆಯ ಕೆಳಗಿನ ಕಪಾಟಿಗೆ ಹೋಯಿತು. ಅಲ್ಲಿದ್ದ ಮುರಿದ ಮಿಕ್ಸಿ ಕೆಂಪು ಚೀಟಿಯ ಡಬ್ಬಕ್ಕೆ. ಒಗೆದ ಬಟ್ಟೆಗೆ ಮಲಗುವ ಕೋಣೆಯಲ್ಲೇ ಒಂದು ಕುರ್ಚಿ ಮೀಸಲು. ಮಗನ ಪುಸ್ತಕಗಳು ಮಾತ್ರ ಹಾಲ್‌ನಲ್ಲೇ ಉಳಿದವು. ಅವನು ಓದುವುದೇ ಅಲ್ಲಿ, ಪುಸ್ತಕ ಬೇರೆ ಕಡೆ ಇರಲಿ ಎಂದರೆ ಸುಳ್ಳು ನಿಯಮವಾಗುತ್ತದೆ. ಅವಕ್ಕೊಂದು ತೆರೆದ ಕಪಾಟಿನ ಕೆಳಗಿನ ಅರೆ, ಅವನ ಕೈಗೆ ಎಟುಕುವಂತೆ. ವಸ್ತು ಎಲ್ಲಿ ಬಳಕೆಯಾಗುತ್ತದೋ ಅಲ್ಲೇ ಅದರ ಜಾಗ ಇರಬೇಕು. ಇಲ್ಲದಿದ್ದರೆ ಮೊದಲ ವಾರವೇ ಅದು ಮತ್ತೆ ಸೋಫಾಗೆ ಬರುತ್ತದೆ.

ಆಮೇಲೆ ಉಳಿಯುವುದು ಸಣ್ಣ ಲೆಕ್ಕ. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ: ಲೋಟ ಅಡುಗೆಮನೆಗೆ, ಪೇಪರು ಬುಟ್ಟಿಗೆ, ಮೆತ್ತೆ ನೆಟ್ಟಗೆ. ದಿನಕ್ಕೊಮ್ಮೆ ಗುಡಿಸುವುದು, ಒರೆಸುವುದು ಇದ್ದದ್ದೇ. ವಾರಕ್ಕೊಮ್ಮೆ ಟೀವಿ, ಕಿಟಕಿ ಸರಳು, ಸೋಫಾದ ಅಡಿ. ತಿಂಗಳಿಗೊಮ್ಮೆ ಫ್ಯಾನು. ಮೂರು ತಿಂಗಳಿಗೆ ಪರದೆ. ಹೀಗಾದರೆ ದಸರಾ, ಯುಗಾದಿಯ ಮಹಾಶುಚಿ ಒಂದು ದಿನದ್ದಲ್ಲ, ಅರ್ಧ ದಿನದ್ದು.

ಯಾರ ಹಾಲ್, ಯಾರ ಪೊರಕೆ?

ಹತ್ತು ನಿಮಿಷ ಎಂದೆ. ಯಾರ ಹತ್ತು ನಿಮಿಷ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ತೊಡಗುವ ಗಂಡಸರ ಲೆಕ್ಕ. ತೊಡಗುವವರೇ ನಾಲ್ವರಲ್ಲಿ ಒಬ್ಬರು. ಹಾಲ್ ಎಲ್ಲರದು, ಅಲ್ಲಿಗೆ ಬಂದು ಬೀಳುವ ಸಾಮಾನೂ ಎಲ್ಲರದು, ಎತ್ತುವ ಬೆನ್ನು ಮಾತ್ರ ಒಬ್ಬರದು. ಈ ಏರ್ಪಾಡಿನಲ್ಲಿ ಯಾವ ಉಪಾಯವೂ ಹೆಚ್ಚು ದಿನ ಬಾಳುವುದಿಲ್ಲ. ಅಮ್ಮ ಮೊಳೆ ಹೊಡೆಸಿದ್ದರ ಗುಟ್ಟು ಇದೇ ಎಂದು ಈಗ ಅನ್ನಿಸುತ್ತದೆ. ಹೆಲ್ಮೆಟ್ಟು ಎತ್ತಿಡುವುದು ಯಾರದೋ ಕೆಲಸವಾಗಿ ಉಳಿಯಲಿಲ್ಲ. ತಲೆಯಿಂದ ತೆಗೆದವರೇ ಮೊಳೆಗೆ ಸಿಕ್ಕಿಸುತ್ತಾರೆ. ಜಾಗ ಕಣ್ಣೆದುರಿಗೇ ಇದ್ದಾಗ ‘ಎಲ್ಲಿಡಬೇಕೋ ಗೊತ್ತಾಗ್ಲಿಲ್ಲ’ ಎಂಬ ನೆಪ ಓಡುವುದಿಲ್ಲ. ಬೈಕಿನ ಕೀಲಿಗಾಗಿ ಸೋಫಾದಡಿ ಬಗ್ಗುವ ದೃಶ್ಯವೂ ನಮ್ಮ ಮನೆಯಲ್ಲಿ ಅಪರೂಪವಾಗಿದೆ.

ಆದ್ದರಿಂದ ಈ ಭಾನುವಾರ ಇಡೀ ಹಾಲ್ ತೊಳೆಯಲು ಹೋಗಬೇಡಿ. ಅದು ಹಬ್ಬಕ್ಕೆ ಇರಲಿ. ನಿಮ್ಮ ಸೋಫಾ, ಟೀಪಾಯಿ ಮೇಲೆ ಈಗ ಬಿದ್ದಿರುವುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ಅದರ ಜಾಗ ಯಾವುದೆಂದೂ ಬರೆಯಿರಿ. ಜಾಗವೇ ಇಲ್ಲದವು ಎಷ್ಟೆಂದು ಎಣಿಸಿ. ನಿಮ್ಮ ಮನೆಗೆ ಎಷ್ಟು ಮೊಳೆ, ಎಷ್ಟು ಬುಟ್ಟಿ ಬೇಕೆಂಬುದಕ್ಕೆ ಅದೇ ಉತ್ತರ. ಮೊಳೆ ಹೊಡೆಯುವಾಗ ಸುತ್ತಿಗೆಯನ್ನು ಮನೆಯವರ ಕೈಗೂ ಕೊಡಿ.